114 ಮಿ.ಮೀ. ದೂರದರ್ಶಕದಲ್ಲಿ ಗುರು ಮಸುಕು, ಶನಿಗೆ ಉಂಗುರವೇ ಇಲ್ಲ: ಕನ್ನಡಿ ಕೆಟ್ಟಿದೆಯೇ?

ತುಮಕೂರು ಜಿಲ್ಲೆಯ ಶಿಕ್ಷಕಿ, 12 ಜನವರಿ 2026

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ದೀಪಾವಳಿಯ ಹೊತ್ತಿಗೆ, ಊರು ಬಿಟ್ಟು ಹೋಗುತ್ತಿದ್ದ ಪರಿಚಿತರೊಬ್ಬರಿಂದ 114 ಮಿ.ಮೀ. ಕನ್ನಡಿ ಮತ್ತು 900 ಮಿ.ಮೀ. ಸಂಗಮದೂರವಿರುವ ನ್ಯೂಟನ್ ಮಾದರಿಯ ದೂರದರ್ಶಕವನ್ನು ಕೊಂಡುಕೊಂಡೆ. ಅದರ ಜೊತೆಗೆ 25, 10 ಮತ್ತು 4 ಮಿ.ಮೀ. ಐಪೀಸುಗಳೂ (ಕಣ್ಣಿಟ್ಟು ನೋಡುವ ಮಸೂರಗಳು), ವರ್ಧನೆಯನ್ನು ಮೂರು ಪಟ್ಟು ಮಾಡುವ ಒಂದು ಬಾರ್ಲೋ ಮಸೂರವೂ ಬಂದಿವೆ. ಪೆಟ್ಟಿಗೆಯ ಮೇಲೆ 675 ಪಟ್ಟು ವರ್ಧನೆ ಎಂದು ಅಚ್ಚಾಗಿದೆ.

ನನ್ನ ತೊಂದರೆ ಹೀಗಿದೆ. 25 ಮಿ.ಮೀ. ಐಪೀಸಿನಲ್ಲಿ ಗುರು ಒಂದು ಪುಟ್ಟ ಗುಂಡಿಯಂತೆ ಕಾಣುತ್ತದೆ. ಅದರ ಅಕ್ಕಪಕ್ಕ ನಾಲ್ಕು ಚುಕ್ಕಿಗಳಿರುತ್ತವೆ. ಇನ್ನೂ ದೊಡ್ಡದಾಗಿ ನೋಡೋಣವೆಂದು 4 ಮಿ.ಮೀ. ಐಪೀಸಿಗೆ ಬಾರ್ಲೋ ಸೇರಿಸಿದರೆ, ನೀರಿನ ತಳದಲ್ಲಿ ನಡುಗುವ ನಾಣ್ಯದಂಥ ಮಂಕು ಬಿಳುಪಿನ ಹೊರತು ಬೇರೇನೂ ಉಳಿಯುವುದಿಲ್ಲ. ಶನಿಯದು ಇದಕ್ಕಿಂತ ನಿರಾಸೆ: ಉಂಗುರ ಕಾಣಲೇ ಇಲ್ಲ, ಗೋಳದ ನಡುವೆ ಸೂಜಿ ಚುಚ್ಚಿದಂತೆ ಒಂದು ತೆಳು ಗೆರೆ ಮಾತ್ರ ಇತ್ತು. ಆಸೆಯಿಂದ ಬಂದಿದ್ದ ಮಕ್ಕಳು “ಮೇಡಂ, ಪುಸ್ತಕದಲ್ಲಿರುವ ಹಾಗೆ ಯಾಕಿಲ್ಲ?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕನ್ನಡಿ ಕೆಟ್ಟಿದೆಯೇ, ಅಥವಾ ನಾನು ನೋಡುತ್ತಿರುವ ರೀತಿಯೇ ತಪ್ಪೇ? ತಿಳಿದವರು ದಯವಿಟ್ಟು ಹೇಳಬೇಕು.

ಮೈಸೂರಿನ ನಿವೃತ್ತ ಎಂಜಿನಿಯರ್

ಮೇಡಂ, ನೀವು ಬರೆದಿರುವುದನ್ನು ಓದಿದರೆ ನಿಮ್ಮ ದೂರದರ್ಶಕ ಬಹುಮಟ್ಟಿಗೆ ಚೆನ್ನಾಗಿಯೇ ಇದೆ ಎಂದು ನನಗೆ ತೋರುತ್ತದೆ. ತಪ್ಪಿರುವುದು ಪೆಟ್ಟಿಗೆಯ ಮೇಲಿನ ಅಂಕಿಯಲ್ಲಿ. ಕನ್ನಡಿಯ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 900ನ್ನು 4ರಿಂದ ಭಾಗಿಸಿ, ಬಾರ್ಲೋದ ಮೂರರಿಂದ ಗುಣಿಸಿದರೆ ಬರುವುದೇ ಆ 675. ಲೆಕ್ಕ ಸರಿ, ಆದರೆ ಅಷ್ಟು ವರ್ಧನೆಗೆ ಬೇಕಾದ ವಿವರವನ್ನು 114 ಮಿ.ಮೀ. ಕನ್ನಡಿ ಕೊಡಲಾರದು. ಕನ್ನಡಿಯ ವ್ಯಾಸ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡು ಪಟ್ಟು ಎಂಬುದು ಹಳೆಯ ಮೇಲ್ಮಿತಿ. ಅಂದರೆ ನಿಮ್ಮದಕ್ಕೆ 230ರ ಆಸುಪಾಸು. ಗಾಳಿ ಸಂಪೂರ್ಣ ನಿಶ್ಚಲವಾಗಿರುವ ಅಪರೂಪದ ರಾತ್ರಿಗಳಲ್ಲಿ ಮಾತ್ರ ಅದನ್ನು ಮುಟ್ಟಬಹುದು. ಸಾಮಾನ್ಯ ದಿನಗಳಲ್ಲಿ 150 ದಾಟಿದರೆ ಚಿತ್ರ ಹಿಗ್ಗುತ್ತದೆಯೇ ಹೊರತು ಹೊಸದೇನೂ ಕಾಣುವುದಿಲ್ಲ. ಆದ್ದರಿಂದ 4 ಮಿ.ಮೀ. ಐಪೀಸನ್ನೂ ಮೂರು ಪಟ್ಟಿನ ಬಾರ್ಲೋವನ್ನೂ ಎತ್ತಿಡಿ. ನಿಮ್ಮ ಕೆಲಸದ ಐಪೀಸು 10 ಮಿ.ಮೀ.ನದು, 90 ಪಟ್ಟು. ಮುಂದೆ ಹಣ ಒದಗಿದರೆ 6 ಮಿ.ಮೀ.ನ ಒಂದು ಒಳ್ಳೆಯ ಐಪೀಸನ್ನು ಕೊಂಡುಕೊಳ್ಳಿ, ಸಾಕು.

ಇನ್ನು “ಪುಟ್ಟ ಗುಂಡಿ” ಎಂಬ ಮಾತಿನ ಬಗ್ಗೆ. ಈಗ ಗುರುವಿನ ಅಗಲ ಸುಮಾರು 46 ಕೋನ ಸೆಕೆಂಡ್. ಒಂದು ಡಿಗ್ರಿಯಲ್ಲಿ 3600 ಕೋನ ಸೆಕೆಂಡುಗಳಿವೆ. ಇದನ್ನು 90 ಪಟ್ಟು ಹಿಗ್ಗಿಸಿದರೆ ಒಂದು ಡಿಗ್ರಿಗೂ ಹೆಚ್ಚಾಗುತ್ತದೆ, ಅಂದರೆ ಬರಿಗಣ್ಣಿಗೆ ಕಾಣುವ ಹುಣ್ಣಿಮೆಯ ಚಂದ್ರನ ಎರಡು ಪಟ್ಟಿಗಿಂತ ದೊಡ್ಡದು. ಆದರೂ ಅದು ಚಿಕ್ಕದಾಗಿ ತೋರುವುದಕ್ಕೆ ಕಾರಣ, ಐಪೀಸಿನ ಕಪ್ಪು ವೃತ್ತದಲ್ಲಿ ಅಳತೆಗೆ ಬೇರೇನೂ ಇಲ್ಲದಿರುವುದು. ಇದೇ ತಿಂಗಳ 30ರ ರಾತ್ರಿ ಚಂದ್ರ ಗುರುವಿನ ಹತ್ತಿರವೇ ಇರುತ್ತಾನೆ. ಆಗ ಒಂದು ಕಣ್ಣನ್ನು ಐಪೀಸಿನಲ್ಲಿಟ್ಟು, ಇನ್ನೊಂದು ಕಣ್ಣಿನಿಂದ ನೇರವಾಗಿ ಚಂದ್ರನನ್ನು ನೋಡಿ ಹೋಲಿಸುವಂತೆ ಮಕ್ಕಳಿಗೆ ಹೇಳಿ. ನಾನು ಮೊದಲ ಸಲ ಹಾಗೆ ನೋಡಿದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಳೆಯ ಪೆಟ್ಟಿಗೆಗಳಲ್ಲಿ ಐಪೀಸಿಗೆ ತಿರುಗಿಸಿ ಕೂಡಿಸುವ, ಸೂರ್ಯನನ್ನು ನೋಡಲೆಂದು ಕೊಟ್ಟ ಕಪ್ಪು ಗಾಜು ಇರುವುದುಂಟು. ಕನ್ನಡಿ ಒಟ್ಟುಗೂಡಿಸಿದ ಬಿಸಿಲೆಲ್ಲ ಅದರ ಮೇಲೆಯೇ ಬೀಳುವುದರಿಂದ ಅದು ನೋಡುತ್ತಿರುವಾಗಲೇ ಬಿರಿಯಬಹುದು, ಬಿರಿದರೆ ಕಣ್ಣು ಹೋಗುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಇಂದೇ ಒಡೆದುಹಾಕಿ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ

ಮೈಸೂರಿನ ಹಿರಿಯರ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೂ ಶಾಲೆಗೆಂದು ಕೊಳ್ಳುವುದಾದರೆ 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರಿಸಿದ ನ್ಯೂಟನ್ ದೂರದರ್ಶಕ) ಉತ್ತಮ ಎಂದು ನನ್ನ ಅಭಿಪ್ರಾಯ. 114 ಮಿ.ಮೀ.ಗೆ ಹೋಲಿಸಿದರೆ ಅದು ಮೂರು ಪಟ್ಟಿಗೂ ಹೆಚ್ಚು ಬೆಳಕನ್ನು ಹಿಡಿಯುತ್ತದೆ, ಒಂದಕ್ಕೊಂದು ಅಂಟಿದಂತಿರುವ ವಿವರಗಳನ್ನು ಸುಮಾರು ಎರಡರಷ್ಟು ಚೆನ್ನಾಗಿ ಬಿಡಿಸುತ್ತದೆ. ಗುರುವಿನ ಕೆಂಪು ಮಚ್ಚೆಯನ್ನು 114ರಲ್ಲಿ ಹುಡುಕಿ ಸೋತ ನಾನು, 8 ಇಂಚಿನಲ್ಲಿ ಮೊದಲ ವಾರವೇ ಕಂಡೆ. ಚಿಕ್ಕ ಉಪಕರಣದಿಂದ ಮಕ್ಕಳಿಗೆ ನಿರಾಸೆಯಾದರೆ ಅವರು ಮತ್ತೆ ಆಕಾಶದ ಕಡೆ ಮುಖ ಮಾಡದೆ ಹೋಗಬಹುದು ಎಂಬುದು ನನ್ನ ಆತಂಕ.

ಧಾರವಾಡದ ವೀಕ್ಷಕರು

ಸರ್, ದೊಡ್ಡ ಕನ್ನಡಿ ಹೆಚ್ಚು ತೋರಿಸುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಶಿಕ್ಷಕಿಯವರ ಬಳಿ ಈಗಾಗಲೇ ಒಂದು ದೂರದರ್ಶಕವಿದೆ, ಮತ್ತು ಅದು ತೋರಿಸಬಲ್ಲದ್ದರಲ್ಲಿ ಹತ್ತರಲ್ಲೊಂದು ಪಾಲನ್ನೂ ಅವರು ಇನ್ನೂ ನೋಡಿಲ್ಲ. ಗೆಲಿಲಿಯೋ 1610ರ ಜನವರಿ 7ರಂದು ಗುರುವಿನ ಪಕ್ಕದ ಚುಕ್ಕಿಗಳನ್ನು, ಅಂದರೆ ಅದರ ಉಪಗ್ರಹಗಳನ್ನು ಕಂಡದ್ದು ಕೇವಲ ಇಪ್ಪತ್ತು ಪಟ್ಟಿನ, ಇಂದಿನ ಅಗ್ಗದ ಮಸೂರಗಳಿಗೂ ಸಾಟಿಯಾಗದ ಗಾಜಿನಿಂದ. ಅವನು ಕಂಡುಕೊಂಡದ್ದು ಒಂದೇ ರಾತ್ರಿಯ ನೋಟದಿಂದಲ್ಲ, ರಾತ್ರಿಯ ಮೇಲೆ ರಾತ್ರಿ ಆ ಚುಕ್ಕಿಗಳ ಜಾಗವನ್ನು ಗುರುತು ಹಾಕಿಕೊಂಡದ್ದರಿಂದ.

ಮೇಡಂ, ನಾನು 20 ವರ್ಷಗಳಿಂದ 114 ಮಿ.ಮೀ. ದೂರದರ್ಶಕವನ್ನೇ ಬಳಸುತ್ತಿದ್ದೇನೆ, ಅದರಲ್ಲಿ ಅತ್ಯಂತ ಹೆಚ್ಚು ಕಲಿಸಿದ ಕೆಲಸವನ್ನು ಹೇಳುತ್ತೇನೆ. ಒಂದು ಗೆರೆ ಪುಸ್ತಕದಲ್ಲಿ ಪ್ರತಿ ರಾತ್ರಿಗೆ ಒಂದೊಂದು ಸಾಲು ಮೀಸಲಿಡಿ. ಸಾಲಿನ ನಡುವೆ ಗುರುವಿಗೆ ಒಂದು ಸೊನ್ನೆ ಬರೆದು, ಚುಕ್ಕಿಗಳು ಎಷ್ಟು ಗುರು-ವ್ಯಾಸಗಳ ದೂರದಲ್ಲಿವೆ ಎಂದು ಅಂದಾಜು ಮಾಡಿ ಗುರುತಿಸಿ, ಗಂಟೆಯನ್ನು ಬರೆಯಿರಿ. ಯಾವ ಚುಕ್ಕಿಯ ಹೆಸರೇನೆಂದು ಆ್ಯಪಿನಲ್ಲಿ ನೋಡಬೇಡಿ. ಹತ್ತು ಹದಿನೈದು ಸಾಲುಗಳಾದ ಮೇಲೆ ಪುಟವನ್ನು ದೂರ ಹಿಡಿದು ನೋಡಿದರೆ, ಎಲ್ಲಕ್ಕಿಂತ ಹೊರಗೆ ಹೋಗುವ ಚುಕ್ಕಿಯೊಂದು ಹಾವಿನಂತೆ ನಿಧಾನವಾಗಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿದಿರುವುದು ತಾನಾಗಿ ಕಾಣುತ್ತದೆ. ಅದು ಕ್ಯಾಲಿಸ್ಟೋ. ಅದರ ಸುತ್ತು 16.7 ದಿನಗಳದು. ಗ್ಯಾನಿಮೀಡ್ 7.15 ದಿನ, ಯುರೋಪಾ 3.55 ದಿನ, ಅಯೋ 1.77 ದಿನ. ಈ ಒಳಗಿನ ಮೂರನ್ನು ಗಮನಿಸಿ: ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಮುಗಿಸುತ್ತವೆ. ಅಯೋ ಎಷ್ಟು ಬೇಗ ಚಲಿಸುತ್ತದೆಂದರೆ, ಸಂಜೆ ಏಳಕ್ಕೆ ಹಾಕಿದ ಗುರುತು ಊಟ ಮುಗಿಸಿ ಬರುವಷ್ಟರಲ್ಲಿ ಹಳೆಯದಾಗಿರುತ್ತದೆ.

ಗುರುವಿನ ಗೋಳವನ್ನು ನೋಡುವಾಗ ಐಪೀಸಿನ ಮುಂದೆ ಕುರ್ಚಿ ಹಾಕಿ ಕೂರಿ. ನಿಂತು ಬಗ್ಗಿ ನೋಡುವವರಿಗೆ ಎರಡು ಪಟ್ಟೆಗಳಷ್ಟೇ ಕಾಣುತ್ತವೆ. ಕುಳಿತು 20 ನಿಮಿಷ ನೋಡಿದವರಿಗೆ, ಗಾಳಿ ಒಂದೆರಡು ಕ್ಷಣ ನಿಂತಾಗ, ಆ ಪಟ್ಟೆಗಳ ಅಂಚು ನೇರವಾಗಿಲ್ಲವೆಂಬುದೂ, ಧ್ರುವಗಳ ಕಡೆ ಬಣ್ಣ ಬೂದಾಗಿದೆಯೆಂಬುದೂ, ಗೋಳ ಮೇಲೆ ಕೆಳಗೆ ಸ್ವಲ್ಪ ಅದುಮಿದಂತಿದೆಯೆಂಬುದೂ ಗೊತ್ತಾಗುತ್ತದೆ. ಹತ್ತು ಗಂಟೆಯೊಳಗೆ ಒಂದು ಸಲ ತನ್ನ ಸುತ್ತ ತಿರುಗಿಬಿಡುವ ಗ್ರಹ ಅದು. ಆ ವೇಗವೇ ಅದನ್ನು ಅದುಮಿದೆ.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಕನ್ನಡಿಗ

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ. ಈ ಚರ್ಚೆಗೆ ಒಂದು ಮಾತು ಸೇರಿಸದಿದ್ದರೆ ನನಗೆ ಸಮಾಧಾನವಿಲ್ಲ. ಗ್ರಹ ನೋಡುವವರಿಗೆ ಕರ್ನಾಟಕದ ಅಕ್ಷಾಂಶ ಎಂಥ ಭಾಗ್ಯವೆಂಬುದು ಅಲ್ಲಿದ್ದಾಗ ನನಗೆ ತಿಳಿದಿರಲಿಲ್ಲ. ಈಗ ಮಿಥುನ ರಾಶಿಯಲ್ಲಿರುವ ಗುರು ನಿಮ್ಮಲ್ಲಿ ನಡುರಾತ್ರಿಯ ಹೊತ್ತಿಗೆ 80 ಡಿಗ್ರಿಗೂ ಎತ್ತರಕ್ಕೆ, ಹೆಚ್ಚುಕಡಿಮೆ ನೆತ್ತಿಗೆ ಏರುತ್ತದೆ; ನಮ್ಮಲ್ಲಿ 60 ಡಿಗ್ರಿ. ಅದಾದರೂ ಪರವಾಗಿಲ್ಲ. 2019 ಮತ್ತು 2020ರಲ್ಲಿ ಗುರು ಶನಿಗಳೆರಡೂ ಆಕಾಶದ ತೆಂಕಣ ಭಾಗದಲ್ಲಿದ್ದಾಗ ಇಲ್ಲಿ ಅವು 15 ಡಿಗ್ರಿಯ ಆಸುಪಾಸಿನಲ್ಲಿ, ಮನೆಗಳ ಚಿಮಣಿಗಳ ಮೇಲೆಯೇ ತೆವಳಿಕೊಂಡು ಹೋದವು. ಅಷ್ಟು ಕೆಳಗಿನ ಗ್ರಹದ ಬೆಳಕು ನೆತ್ತಿಯ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಗಾಳಿಯನ್ನು ದಾಟಿ ಬರಬೇಕು. ನನ್ನ ದುಬಾರಿ ದೂರದರ್ಶಕದಲ್ಲಿ ಶನಿ ಕುದಿಯುವ ಎಣ್ಣೆಯಲ್ಲಿಟ್ಟಂತೆ ನಡುಗುತ್ತಿತ್ತು. ಅದೇ ದಿನಗಳಲ್ಲಿ ಅದು ನಿಮ್ಮಲ್ಲಿ 55 ಡಿಗ್ರಿಯ ಹತ್ತಿರ ಇತ್ತು. ಆದ್ದರಿಂದ ಗುರು ಪೂರ್ವದಲ್ಲಿ ಕಾಣಿಸಿದ ಕೂಡಲೇ ನೋಡಿ ಮುಗಿಸಬೇಡಿ. ರಾತ್ರಿ ಒಂಬತ್ತರ ನಂತರ, ಅದು ಮೇಲೇರಿದ ಮೇಲೆ ಮತ್ತೊಮ್ಮೆ ನೋಡಿ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ

ಧಾರವಾಡದವರ ಮಾತು ಸರಿ, ಅದನ್ನು ಒಪ್ಪುತ್ತೇನೆ. ಗಾಳಿಯ ವಿಷಯ ಬಂದುದರಿಂದ ನನ್ನ ಅನುಭವವನ್ನೂ ಹೇಳುತ್ತೇನೆ. ನಾನು ಎರಡು ವರ್ಷ ತಾರಸಿಯ ಮೇಲಿಂದಲೇ ನೋಡುತ್ತಿದ್ದೆ. ಚಿತ್ರ ಎಂದೂ ನಿಲ್ಲುತ್ತಿರಲಿಲ್ಲ. ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಲನ್ನು ನಡುರಾತ್ರಿಯವರೆಗೂ ಉಗುಳುತ್ತದೆ ಎಂಬುದು ಹೊಳೆದ ಮೇಲೆ, ಎದುರಿನ ಪಾರ್ಕಿನ ಹುಲ್ಲಿನ ಮೇಲೆ ಇಟ್ಟು ನೋಡಿದೆ. ವ್ಯತ್ಯಾಸ ಮೊದಲ ರಾತ್ರಿಯೇ ಕಂಡಿತು. ಬೀದಿದೀಪದ ಬೆಳಕು ನಕ್ಷತ್ರಗಳನ್ನು ಅಳಿಸುತ್ತದೆಯೇ ಹೊರತು ಗ್ರಹಗಳಿಗೆ ಅಷ್ಟು ಕೆಡುಕು ಮಾಡುವುದಿಲ್ಲ. ಮೇಡಂ, ನಿಮಗೆ ಮಣ್ಣಿನ ಅಂಗಳವಿದ್ದರೆ ಅಲ್ಲಿಯೇ ಇಡಿ. ತಗಡಿನ ಮಾಡಿನ ಮೇಲೆ ಹಾದು ನೋಡುವುದನ್ನು ತಪ್ಪಿಸಿ. ಒಳಗಿನಿಂದ ತಂದ ದೂರದರ್ಶಕವನ್ನು ಅರ್ಧ ಗಂಟೆಯಾದರೂ ಹೊರಗೆ ಬಿಟ್ಟು ಕನ್ನಡಿ ತಣಿದ ಮೇಲೆ ನೋಡಿ.

ತುಮಕೂರು ಜಿಲ್ಲೆಯ ಶಿಕ್ಷಕಿ, 15 ಜನವರಿ

ತಮ್ಮೆಲ್ಲರ ಉತ್ತರ ಓದಿ ಮನಸ್ಸು ಹಗುರವಾಯಿತು. ಕಪ್ಪು ಗಾಜು ಪೆಟ್ಟಿಗೆಯಲ್ಲಿ ಇತ್ತು, ನಾಶ ಮಾಡಿದ್ದೇನೆ. ನಿನ್ನೆ ಅಂಗಳದಲ್ಲಿ, ಹತ್ತು ಗಂಟೆಗೆ, 90 ಪಟ್ಟಿನಲ್ಲಿ ಗುರುವಿನ ಎರಡು ಪಟ್ಟೆಗಳು ಸ್ಪಷ್ಟವಾಗಿ ಕಂಡವು. ಆದರೆ ಗಮನವಿಟ್ಟು ನೋಡುತ್ತಿರುವಾಗ ಪ್ರತಿ ಸಲವೂ ಚಿತ್ರ ಒಂದು ಬದಿಗೆ ಬಾಲ ಬಿಟ್ಟಂತೆ ತೋರಿತು. ಶನಿಯ ಪ್ರಶ್ನೆಗೂ ಉತ್ತರ ಸಿಕ್ಕಿಲ್ಲ.

ಮೈಸೂರಿನ ನಿವೃತ್ತ ಎಂಜಿನಿಯರ್

ಬಾಲ ಕಂಡರೆ ಎರಡು ಕನ್ನಡಿಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ಇದು ದೋಷವಲ್ಲ, ವಾಹನದಲ್ಲಿ ಸಾಗಿಸಿದ ಯಾವ ನ್ಯೂಟನ್ ದೂರದರ್ಶಕಕ್ಕೂ ಹೀಗಾಗುತ್ತದೆ. ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ನೋಟದ ಸರಿ ನಡುವೆ ತಂದು, ಫೋಕಸನ್ನು ಸ್ವಲ್ಪ ಕೆಡಿಸಿ. ಚುಕ್ಕಿ ಹಿಗ್ಗಿ ಒಂದರೊಳಗೊಂದು ಬಳೆಗಳಾಗುತ್ತದೆ, ನಡುವೆ ಚಿಕ್ಕ ಕನ್ನಡಿಯ ನೆರಳಿರುತ್ತದೆ. ಆ ನೆರಳು ನಟ್ಟನಡುವೆ ಇಲ್ಲದಿದ್ದರೆ, ಕೊಳವೆಯ ಹಿಂಬದಿಯ ಮೂರು ತಿರುಪುಗಳನ್ನು ಒಂದೊಂದಾಗಿ, ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತಾ, ಪ್ರತಿ ಸಲವೂ ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ. ಒಬ್ಬರು ತಿರುಗಿಸಿ ಇನ್ನೊಬ್ಬರು ನೋಡಿದರೆ ಹತ್ತು ನಿಮಿಷದ ಕೆಲಸ. ಇದನ್ನು ಓದುತ್ತಿರುವ ಬೇರೆಯವರು ಹೊಸದು ಕೊಳ್ಳುವುದಿದ್ದರೆ ಒಂದು ಮಾತು: ಕೊಳವೆ ಅರ್ಧ ಮೀಟರಿನಷ್ಟೇ ಇದ್ದು ಸಂಗಮದೂರ 1000 ಮಿ.ಮೀ. ಎಂದು ಬರೆದಿದ್ದರೆ, ಒಳಗೆ ಒಂದು ಹೆಚ್ಚುವರಿ ಮಸೂರ ಕೂಡಿಸಿರುತ್ತಾರೆ. ಅದರ ಹೊಂದಾಣಿಕೆ ಬಹಳ ಕಷ್ಟ. ಅಂಥದ್ದನ್ನು ಬಿಟ್ಟುಬಿಡಿ.

ಧಾರವಾಡದ ವೀಕ್ಷಕರು

ಶನಿಯ ಬಗ್ಗೆ ನಾನು ಬರೆಯುತ್ತೇನೆ. ಮೇಡಂ, ನೀವು ಕಂಡ ಆ ಸೂಜಿಗೆರೆಯೇ ಉಂಗುರ. ಶನಿ ಸೂರ್ಯನ ಸುತ್ತ ಸುತ್ತಲು ಸುಮಾರು 29 ವರ್ಷ ಆರು ತಿಂಗಳು ತೆಗೆದುಕೊಳ್ಳುತ್ತದೆ. ಅದರ ಅಕ್ಷ ವಾಲಿರುವುದರಿಂದ ಒಂದು ಸುತ್ತಿನಲ್ಲಿ ಎರಡು ಬಾರಿ ಉಂಗುರ ನಮಗೆ ಅಂಚಾಗಿ ನಿಲ್ಲುತ್ತದೆ. 2025ರ ಮಾರ್ಚ್ 23ರಂದು ಹಾಗಾಯಿತು. ನವೆಂಬರಿನಲ್ಲಿ ಮತ್ತೆ ಅರ್ಧ ಡಿಗ್ರಿಗಿಂತ ಕಡಿಮೆ ವಾಲಿಕೆಗೆ ಇಳಿದು, ಈಗ ನಿಧಾನವಾಗಿ ತೆರೆಯುತ್ತಿದೆ. ಉಂಗುರ ಲಕ್ಷಾಂತರ ಕಿಲೋಮೀಟರ್ ಅಗಲವಿದ್ದರೂ ದಪ್ಪ ತೀರ ಕಡಿಮೆ, ಆದ್ದರಿಂದ ಅಂಚಾಗಿ ನಿಂತಾಗ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ನಿಮ್ಮ ಮಕ್ಕಳಿಗಾದ ಗೊಂದಲವೇ ಗೆಲಿಲಿಯೋವಿಗೂ ಆಯಿತು: 1610ರಲ್ಲಿ ಶನಿಯ ಎರಡು ಬದಿಗೂ ಒಂದೊಂದು ಗುಂಡನ್ನು ಕಂಡಿದ್ದ ಅವನಿಗೆ 1612ರಲ್ಲಿ ಅವು ಮಾಯವಾಗಿದ್ದವು. ಅದು ಉಂಗುರವೆಂಬ ಕಾರಣವನ್ನು ಡಚ್ ವಿಜ್ಞಾನಿ ಹೈಗನ್ಸ್ ವಿವರಿಸಿ ಪ್ರಕಟಿಸಿದ್ದು 1659ರಲ್ಲಿ. ನಿಮ್ಮ ಶಾಲೆಯ ಎಂಟನೇ ತರಗತಿಯ ಮಕ್ಕಳು ಈಗಿನ ಗೆರೆಯ ಚಿತ್ರ ಬರೆದಿಟ್ಟುಕೊಂಡರೆ, 2032ರ ಹೊತ್ತಿಗೆ 27 ಡಿಗ್ರಿಯಷ್ಟು ತೆರೆದ ಉಂಗುರದೊಂದಿಗೆ ಅದನ್ನು ಹೋಲಿಸಬಹುದು.

ಶನಿ ಈಗ ರಾತ್ರಿ ಹತ್ತರ ಸುಮಾರಿಗೆ ಮುಳುಗುತ್ತದೆ, ಕತ್ತಲಾದ ಕೂಡಲೇ ನೋಡಿ. ಉಂಗುರದ ಗೆರೆಯನ್ನು ಎರಡು ಕಡೆಗೂ ಮನಸ್ಸಿನಲ್ಲೇ ಎಳೆದರೆ, ಶನಿಯಿಂದ ಆ ಗೆರೆಯ ಉದ್ದದ ನಾಲ್ಕೂವರೆ ಪಟ್ಟಿನೊಳಗೆ ಎಲ್ಲೋ ಒಂದು ಮಂಕಾದ ನಕ್ಷತ್ರ ಕಾಣುತ್ತದೆ. ಅದು ಟೈಟನ್, 1655ರಲ್ಲಿ ಅದೇ ಹೈಗನ್ಸ್ ಕಂಡುಹಿಡಿದ ಉಪಗ್ರಹ. ಅದರ ಸುತ್ತು 16 ದಿನಗಳಿಗೆ ಕೊಂಚ ಕಡಿಮೆ.

ಶಿರಸಿಯ ಕೃಷಿಕರು

ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಇಲ್ಲ. ಆ ನಾಲ್ಕು ತಿಂಗಳಲ್ಲಿಯೇ ದೂರದರ್ಶಕ ಹಾಳಾಗುವುದು. ನನ್ನ ಮೊದಲ ಕನ್ನಡಿಯ ಮೇಲೆ ಒಂದೇ ಮಳೆಗಾಲದಲ್ಲಿ ಬೂಷ್ಟು ಬಲೆ ಹೆಣೆಯಿತು, ಬಟ್ಟೆಯಿಂದ ಒರೆಸಿ ಅದರ ಲೇಪವನ್ನೂ ಕೆಡಿಸಿಕೊಂಡೆ. ಈಗ ಎರಡೂ ತುದಿಗೆ ಮುಚ್ಚಳ ಹಾಕಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ತಿಂಗಳಿಗೊಮ್ಮೆ ಜೆಲ್ಲನ್ನು ಒಲೆಯ ಮೇಲಿನ ಬಾಣಲೆಯಲ್ಲಿ ಒಣಗಿಸುತ್ತೇನೆ. ಚಳಿಗಾಲದ ಇಬ್ಬನಿಗೆ ಕೊಳವೆಯ ಬಾಯಿಗೆ ಕಪ್ಪು ಚಾರ್ಟ್ ಕಾಗದವನ್ನು ಒಂದು ಮೊಳ ಉದ್ದಕ್ಕೆ ಸುತ್ತಿದರೆ ಸಾಕು.

ಇನ್ನೊಂದು ಕೋರಿಕೆ. ಚಂದ್ರನನ್ನು ಹುಣ್ಣಿಮೆಯ ದಿನ ಮಕ್ಕಳಿಗೆ ತೋರಿಸಬೇಡಿ. ಅಂದು ಬಿಸಿಲು ನೇರ ಬೀಳುವುದರಿಂದ ನೆರಳಿಲ್ಲ, ನೆರಳಿಲ್ಲದ ಮೇಲೆ ಬೆಟ್ಟವೂ ಇಲ್ಲ ಕುಳಿಯೂ ಇಲ್ಲ. ಪಂಚಾಂಗ ನೋಡಿಕೊಂಡು ದಿನ ಆರಿಸಿ. ಶುಕ್ಲ ಷಷ್ಠಿಯ ಸಂಜೆ ಬೆಳಕು-ಕತ್ತಲೆಯ ಗಡಿ ಥಿಯೋಫಿಲಸ್ ಕುಳಿಯ ಮೇಲಿರುತ್ತದೆ, ನವಮಿಯಂದು ಪ್ಲೇಟೋ ಕುಳಿಯೂ 110 ಕಿ.ಮೀ. ಉದ್ದದ, ನೇರ ಗೋಡೆ ಎಂದು ಕರೆಯುವ ಇಳಿಜಾರೂ ಕಾಣುತ್ತವೆ, ದಶಮಿಗೆ 93 ಕಿ.ಮೀ. ಅಗಲದ ಕೋಪರ್ನಿಕಸ್‌ನಲ್ಲಿ ಸೂರ್ಯೋದಯ. ತಿಥಿ ಎಂದರೆ ಸೂರ್ಯ ಚಂದ್ರರ ನಡುವಿನ 12 ಡಿಗ್ರಿ ಅಂತರವೇ ಆದ್ದರಿಂದ ಈ ಲೆಕ್ಕ ತಿಂಗಳಿಂದ ತಿಂಗಳಿಗೆ ಹೆಚ್ಚು ತಪ್ಪುವುದಿಲ್ಲ.

ತುಮಕೂರು ಜಿಲ್ಲೆಯ ಶಿಕ್ಷಕಿ, 29 ಜನವರಿ

ಎಲ್ಲರಿಗೂ ವರದಿ ಒಪ್ಪಿಸಬೇಕೆಂದು ಬರೆಯುತ್ತಿದ್ದೇನೆ. ಹೊಂದಾಣಿಕೆ ಸರಿಹೋಯಿತು, ಬಾಲ ಮಾಯವಾಯಿತು. ಮಂಗಳವಾರ ನವಮಿಯಂದು 22 ಮಕ್ಕಳು ನೇರ ಗೋಡೆಯನ್ನು ಕಂಡರು. ಪೆನ್ಸಿಲ್ಲಿನಿಂದ ಗೆರೆ ಎಳೆದಂತೆ ಅದರ ಕಪ್ಪು ನೆರಳಿತ್ತು. ಚಂದ್ರಯಾನ-3ರ ವಿಕ್ರಮ್ ಕಾಣುತ್ತದೆಯೇ ಎಂದು ಎಲ್ಲರೂ ಕೇಳಿದರು. ನಮ್ಮ ಕನ್ನಡಿ ಚಂದ್ರನ ಮೇಲೆ ಎರಡು ಕಿ.ಮೀ.ಗಿಂತ ಚಿಕ್ಕದನ್ನು ಬಿಡಿಸಿ ತೋರಿಸಲಾರದು ಎಂದು ಲೆಕ್ಕ ಮಾಡಿಸಿದೆ. ಆದರೂ ದಕ್ಷಿಣದ ಅಂಚಿನ ಬಳಿ ಮ್ಯಾಂಜಿನಸ್ ಕುಳಿಯನ್ನು ತೋರಿಸಿ, 2023ರ ಆಗಸ್ಟ್ 23ರಂದು ಅದು ಇಳಿದದ್ದು ಇದರ ಸಮೀಪದಲ್ಲಿ ಎಂದಾಗ ಅವರು ಸಾಲಿನಲ್ಲಿ ಎರಡನೇ ಸಲ ಬಂದು ನಿಂತರು.

ಗುರುವಿನ ಪುಸ್ತಕದಲ್ಲಿ 13 ಸಾಲುಗಳಾಗಿವೆ, ಮೂರು ರಾತ್ರಿ ಮೋಡವಿತ್ತು. ಹೊರಗಿನ ಚುಕ್ಕಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಲು ಎಂಟು ರಾತ್ರಿ ಹಿಡಿಯಿತೆಂದು ಹತ್ತನೇ ತರಗತಿಯ ಹುಡುಗಿಯೊಬ್ಬಳು ಗೆರೆ ಸೇರಿಸಿ ತೋರಿಸಿದಳು. ನಾನು 16.7 ಎಂಬ ಅಂಕಿಯನ್ನು ಅಲ್ಲಿಯವರೆಗೂ ಹೇಳಿರಲಿಲ್ಲ. ಬುಧವಾರ ಒಂದು ಚುಕ್ಕಿ ಗುರುವಿನ ಹಿಂದೆ ಅಡಗಿತೆಂದು ತೋರುತ್ತದೆ; ಅದು ಹೊರಬರುವುದನ್ನು ಕಾದು ಹಿಡಿಯುವುದು ಹೇಗೆ?

ಧಾರವಾಡದ ವೀಕ್ಷಕರು

ಆ ಹುಡುಗಿಗೆ ನನ್ನ ಅಭಿನಂದನೆ ತಿಳಿಸಿ. ನಿಮ್ಮ ಪ್ರಶ್ನೆಗೆ ಉತ್ತರ ಬಹಳ ಸೊಗಸಾದದ್ದು. ಜನವರಿ 10ರಂದು ಗುರು ಸೂರ್ಯನಿಗೆ ನೇರ ಎದುರಿತ್ತು. ಆಗ ಅದರ ನೆರಳು ಅದರ ಬೆನ್ನಿಗೇ ಬಿದ್ದಿರುತ್ತದೆ. ಇನ್ನು ಮುಂದೆ ದಿನದಿಂದ ದಿನಕ್ಕೆ ಆ ನೆರಳು ನಮಗೆ ಪೂರ್ವಕ್ಕೆ ಸರಿಯುತ್ತದೆ. ಅದರಿಂದಾಗಿ ಅಯೋ ಗುರುವಿನ ಹಿಂದೆ ಮರೆಯಾದರೆ ಅಂಚಿನಿಂದ ಹೊರಬರುವುದಿಲ್ಲ. ಅಂಚಿನಿಂದ ಒಂದಿಷ್ಟು ದೂರದ ಖಾಲಿ ಕತ್ತಲೆಯಲ್ಲಿ, ನೆರಳು ಮುಗಿದ ಕಡೆ ಹೊತ್ತಿಕೊಳ್ಳುತ್ತದೆ. ಏಪ್ರಿಲಿನಲ್ಲಿ ಆ ದೂರ ಗುರುವಿನ ಅರ್ಧ ವ್ಯಾಸದಷ್ಟಾಗುತ್ತದೆ. ಗುರು ಸಂಜೆಯೇ ಎತ್ತರದಲ್ಲಿರುತ್ತದೆ, ಮಕ್ಕಳಿಗೂ ಬೇಸಿಗೆ ರಜೆ ಬಂದಿರುತ್ತದೆ. 1676ರಲ್ಲಿ ಡೆನ್ಮಾರ್ಕಿನ ಖಗೋಳಜ್ಞ ರೋಮರ್ ಇದೇ ಗ್ರಹಣಗಳ ಗಂಟೆಯನ್ನು ಬರೆದಿಟ್ಟು, ಭೂಮಿ ಗುರುವಿನಿಂದ ದೂರ ಸರಿದಂತೆ ಅವು ತಡವಾಗುವುದನ್ನು ಕಂಡು, ಬೆಳಕಿಗೂ ಪಯಣದ ಸಮಯ ಬೇಕು ಎಂದು ತೋರಿಸಿದ.

ಸಮಯವನ್ನು ಆಕಾಶ ತೋರಿಸುವ ಸ್ಟೆಲೇರಿಯಂ ಎಂಬ ಆ್ಯಪಿನಲ್ಲಿ ನಿಮ್ಮ ಊರಿನ ಹೆಸರು ಹಾಕಿ ನೋಡಿಕೊಳ್ಳಿ. ನ್ಯೂಟನ್ ದೂರದರ್ಶಕದಲ್ಲಿ ದಿಕ್ಕು ತಲೆಕೆಳಗಾಗಿರುವುದರಿಂದ ಪೂರ್ವ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ: ದೂರದರ್ಶಕವನ್ನು ಅಲುಗಿಸದೆ ಬಿಟ್ಟರೆ ಗುರು ಯಾವ ಅಂಚಿನ ಕಡೆ ಜಾರುತ್ತದೋ ಅದು ಪಶ್ಚಿಮ, ಅದರ ಎದುರಿನದು ಪೂರ್ವ. ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ 90 ಪಟ್ಟಿನಲ್ಲಿ ಗುರುವನ್ನು ನೋಟದ ಒಂದು ಬದಿಗೆ ಸರಿಸಿ, ಪೂರ್ವದ ಕತ್ತಲೆಯ ಮೇಲೆ ಕಣ್ಣಿಟ್ಟಿರಿ. ಅಯೋ ಒಮ್ಮೆಲೇ ಬೆಳಗುವುದಿಲ್ಲ, ಮೂರು ನಾಲ್ಕು ನಿಮಿಷಗಳಲ್ಲಿ ಮೆಲ್ಲಗೆ ತುಂಬಿಕೊಳ್ಳುತ್ತದೆ. ಮೊದಲ ಮಿಣುಕನ್ನು ಕಂಡ ಮಗು ಕೂಗಬೇಕು, ಇನ್ನೊಂದು ಮಗು ಗಡಿಯಾರ ನೋಡಿ ಗಂಟೆ, ನಿಮಿಷ, ಸೆಕೆಂಡು ಬರೆಯಬೇಕು.